ಕಪ್ಪು ರಾಜಕುಮಾರ ಎಡ್ವರ್ಡ್: ಕ್ರೆಸಿ, ಪ್ವಾತಿಯೇ ಆಚೆಗಿನದನ್ನೂ ಮಾತನಾಡೋಣವೇ?

ಹಳೆಯ ನಕಾಶೆ:

ಕಪ್ಪು ರಾಜಕುಮಾರನ ಮಾತು ಬಂದಾಗಲೆಲ್ಲ ಎರಡು ಯುದ್ಧಗಳ ಹೆಸರು ಕೇಳಿಬರುತ್ತದೆ: 1346ರ ಕ್ರೆಸಿ, 1356ರ ಪ್ವಾತಿಯೇ. ಹದಿನಾರರ ಹುಡುಗ ಗೆದ್ದ, ಇಪ್ಪತ್ತಾರಕ್ಕೆ ಫ್ರಾನ್ಸಿನ ದೊರೆಯನ್ನೇ ಸೆರೆಹಿಡಿದ, ಅಲ್ಲಿಗೆ ಕಥೆ ಮುಗಿಯಿತು. ಬಹಳ ದಿನಗಳಿಂದ ನನ್ನನ್ನು ಕಾಡುತ್ತಿರುವುದು ಇವೆರಡರ ನಡುವೆ ಬರುವ, ದೊಡ್ಡ ಕದನವೇ ನಡೆಯದ ಒಂದು ದಂಡಯಾತ್ರೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಇವನು ಇಂಗ್ಲೆಂಡಿನ ದೊರೆ ಮೂರನೆಯ ಎಡ್ವರ್ಡ್ ಮತ್ತು ರಾಣಿ ಫಿಲಿಪ್ಪಾಳ ಹಿರಿಯ ಮಗ. ಹುಟ್ಟಿದ್ದು 1330ರ ಜೂನ್ 15ರಂದು, ಆಕ್ಸ್‌ಫರ್ಡ್ ಬಳಿಯ ವುಡ್‌ಸ್ಟಾಕ್ ಅರಮನೆಯಲ್ಲಿ. ಏಳು ತುಂಬುವ ಮೊದಲೇ ಕಾರ್ನ್‌ವಾಲ್‌ನ ಡ್ಯೂಕ್. ಇಂಗ್ಲೆಂಡಿನಲ್ಲಿ ಆ ಪದವಿ ಪಡೆದ ಮೊದಲಿಗ. 1343ರಲ್ಲಿ ವೇಲ್ಸ್‌ನ ರಾಜಕುಮಾರ. ಸಿಂಹಾಸನವನ್ನು ಮಾತ್ರ ಏರಲಿಲ್ಲ. 1376ರ ಜೂನ್ 8ರಂದು, ತಂದೆಗಿಂತ ಒಂದು ವರ್ಷ ಮೊದಲು ತೀರಿಕೊಂಡ.

ಈಗ ನಾನು ಹೇಳಬೇಕೆಂದಿರುವ ವಿಷಯ. 1355ರ ಅಕ್ಟೋಬರ್ 5ರಂದು ಅವನು ಬೋರ್ಡೋದಿಂದ ಹೊರಟ. ಆಗ ನೈಋತ್ಯ ಫ್ರಾನ್ಸಿನ ಗ್ಯಾಸ್ಕನಿ ಇಂಗ್ಲೆಂಡಿನ ದೊರೆಯ ಕೈಯಲ್ಲಿತ್ತು. ಮೊದಲು ಆರ್ಮನ್ಯಾಕ್ ಕೌಂಟ್‌ನ ಸೀಮೆ, ಆಮೇಲೆ ತುಲೂಸಿನ ಪಕ್ಕದಿಂದ ಪೂರ್ವಕ್ಕೆ ಸಾಗಿ ಕಾರ್ಕಸೊನ್, ಕೊನೆಗೆ ಮೆಡಿಟರೇನಿಯನ್ ಕಡಲಿಗೆ ಹತ್ತಿರದ ನಾರ್ಬಾನ್. ಡಿಸೆಂಬರ್ ಆರಂಭದಲ್ಲಿ ಗ್ಯಾಸ್ಕನಿಗೆ ಮರಳಿದ. ಹೆಚ್ಚುಕಡಿಮೆ ಎರಡು ತಿಂಗಳು. ಆ ಅವಧಿಯಲ್ಲಿ ಅವನ ಸೈನ್ಯ ಸುಟ್ಟ ಊರುಗಳ ಸಂಖ್ಯೆಯನ್ನು ಸಾಮಾನ್ಯವಾಗಿ 500 ಎಂದು ಹೇಳುತ್ತಾರೆ. ಹಳ್ಳಿ, ಪೇಟೆ, ಗಾಳಿಗಿರಣಿ, ಕಣಜ ಯಾವುದನ್ನೂ ಬಿಡಲಿಲ್ಲ. ಫ್ರೆಂಚರು ಇಂಥ ಯಾತ್ರೆಯನ್ನು ‘ಷೆವೋಷೆ’ ಎನ್ನುತ್ತಾರೆ. ಪದದ ಅರ್ಥ ಕುದುರೆ ಸವಾರಿ ಎಂದಷ್ಟೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಸೂರೆ.

ಸೈನಿಕರು ಕೈಮೀರಿ ಹೋದದ್ದರಿಂದ ಆದ ಅನಾಹುತ ಇದಲ್ಲ. ಹಾಕಿಕೊಂಡಿದ್ದ ಯೋಜನೆಯೇ ಇದು. ಅವನ ಆಡಳಿತವನ್ನು ನೋಡಿಕೊಳ್ಳುತ್ತಿದ್ದ ಸರ್ ಜಾನ್ ವಿಂಗ್‌ಫೀಲ್ಡ್ ಅದೇ ಡಿಸೆಂಬರ್‌ನಲ್ಲಿ ವಿಂಚೆಸ್ಟರ್‌ನ ಬಿಷಪ್‌ಗೆ ಬರೆದ ಪತ್ರ ಉಳಿದಿದೆ. ನಾಶಮಾಡಿದ ಪಟ್ಟಣಗಳಿಂದ ಫ್ರಾನ್ಸಿನ ದೊರೆಗೆ ಯುದ್ಧಕ್ಕಾಗಿ ಎಷ್ಟು ಹಣ ಬರುತ್ತಿತ್ತು ಎಂಬುದನ್ನು ದಾಖಲೆ ನೋಡಿಯೇ ಲೆಕ್ಕಹಾಕಿ, ಅರ್ಧ ರಾಜ್ಯ ಕೊಡುವುದಕ್ಕಿಂತ ಹೆಚ್ಚಿನದು ಇಲ್ಲಿಂದ ಹೋಗುತ್ತಿತ್ತು ಎಂದು ಅವನು ತೃಪ್ತಿಯಿಂದ ಬರೆಯುತ್ತಾನೆ. ಆ ಪತ್ರದಲ್ಲಿ ಮನೆ ಕಳೆದುಕೊಂಡವರ ಪ್ರಸ್ತಾಪವೇ ಇಲ್ಲ. ಒಂದು ಊರು ಎಂದರೆ ಅವನಿಗೆ ಒಂದು ಆದಾಯದ ಬಾಬು.

ನನ್ನ ಅಭಿಪ್ರಾಯ ಇದು: ಈ ರಾಜಕುಮಾರನನ್ನು ತಿಳಿಯಲು ಪ್ವಾತಿಯೇಗಿಂತ ಈ ಎರಡು ತಿಂಗಳೇ ಒಳ್ಳೆಯ ದಾರಿ. ನೀವು ಏನು ಹೇಳುತ್ತೀರಿ?

ಬಿಲ್ವಿದ್ಯೆ:

ಒಳ್ಳೆಯ ವಿಷಯ ಎತ್ತಿದ್ದೀರಿ ಸರ್. ಆದರೂ ಕ್ರೆಸಿಯನ್ನು ಹಾಗೆ ದಾಟಿಹೋಗುವುದು ನನಗೆ ಒಪ್ಪಿಗೆಯಿಲ್ಲ. ಬಿಲ್ಲುಗಾರಿಕೆ ಕಲಿಯುವವನಾಗಿ ನಾನು ಮತ್ತೆ ಮತ್ತೆ ಹಿಂದಿರುಗುವ ಯುದ್ಧ ಅದು.

1346ರ ಜುಲೈ 12ರಂದು ನಾರ್ಮಂಡಿಯ ದಡದಲ್ಲಿ ಇಳಿದ ದಿನವೇ ತಂದೆ ಮಗನಿಗೆ ನೈಟ್ ಪದವಿ ಕೊಟ್ಟ. ಆರು ವಾರಗಳ ನಂತರ, ಆಗಸ್ಟ್ 26ರಂದು ಆ ಹುಡುಗ ಮುಂಚೂಣಿ ಪಡೆಯ ತಲೆಯಾಗಿ ನಿಂತಿದ್ದ. ಪಕ್ಕದಲ್ಲಿ ವಾರ್ವಿಕ್‌ನ ಅರ್ಲ್‌ನಂಥ ಪಳಗಿದ ಕೈಗಳಿದ್ದವು. ಹದಿನಾರರ ಹುಡುಗನೊಬ್ಬನೇ ಪಡೆ ನಡೆಸಿದ ಎಂದು ಯಾರೂ ತಿಳಿಯಬಾರದು. ಎದುರಿಗೆ ಜಿನೋವಾದ ಅಡ್ಡಬಿಲ್ಲುಗಾರರು. ಅವರ ದೊಡ್ಡ ಗುರಾಣಿಗಳು ಇನ್ನೂ ಹಿಂದಿನ ಸಾಮಾನಿನ ಬಂಡಿಗಳಲ್ಲಿ ಉಳಿದಿದ್ದವು. ಅಡ್ಡಬಿಲ್ಲಿನಿಂದ ಒಂದು ಬಾಣ ಬಿಡುವಷ್ಟರಲ್ಲಿ ಇಂಗ್ಲಿಷರ ನೀಳಬಿಲ್ಲಿನವನು ಹಲವು ಬಾಣ ಬಿಡುತ್ತಾನೆ. ಜಿನೋವಾದವರು ಹಿಂದೆ ಸರಿದಾಗ ಫ್ರೆಂಚ್ ಕುದುರೆ ಸವಾರರು ತಮ್ಮದೇ ಕೂಲಿಯ ಸೈನಿಕರನ್ನು ತುಳಿದುಕೊಂಡು ಮುಂದೆ ಬಂದರು.

ಆ ಶತಮಾನದ ವೃತ್ತಾಂತಕಾರ ಫ್ರ್ವಾಸಾರ್ ಹೇಳುವ ಪ್ರಸಿದ್ಧ ಕಥೆ ನಿಮಗೆಲ್ಲ ಗೊತ್ತಿರಬಹುದು. ರಾಜಕುಮಾರ ಕಷ್ಟದಲ್ಲಿದ್ದಾನೆ, ನೆರವು ಕಳಿಸಿ ಎಂದು ದೂತ ಬಂದಾಗ, ಮಗ ಬದುಕಿರುವವರೆಗೆ ನನ್ನ ಬಳಿ ಬರಬೇಡಿ, ಈ ದಿನದ ಕೀರ್ತಿ ಅವನದಾಗಲಿ ಎಂದು ದೊರೆ ಹೇಳಿದನಂತೆ. ಜೆಫ್ರಿ ಲೆ ಬೇಕರ್ ಬರೆದ ವೃತ್ತಾಂತ ಬೇರೆ ರೀತಿ ಇದೆ. ಅದರಲ್ಲಿ ದೊರೆ 20 ಜನ ನೈಟ್‌ಗಳನ್ನು ಕಳಿಸುತ್ತಾನೆ. ಅವರು ಹೋಗಿ ನೋಡಿದಾಗ ರಾಜಕುಮಾರ ಮತ್ತು ಅವನ ಜನ ಹೆಣಗಳ ನಡುವೆ ಕತ್ತಿಗೆ ಒರಗಿ ದಣಿವಾರಿಸಿಕೊಳ್ಳುತ್ತಿರುತ್ತಾರೆ. ಎರಡನೆಯದೇ ನಿಜಕ್ಕೆ ಹತ್ತಿರ ಎಂದು ನನಗೆ ಅನ್ನಿಸುತ್ತದೆ. ಹಿರಿಯ ಮಗ ಸಾವಿನ ಬಾಯಲ್ಲಿರುವಾಗ ಯಾವ ತಂದೆ ಹಾಗೆ ನಿಂತು ನೋಡುತ್ತಾನೆ?

ಬೊಹೆಮಿಯಾದ ಕುರುಡು ದೊರೆ ಜಾನ್ ಸತ್ತದ್ದೂ ಅಲ್ಲೇ. ತನ್ನ ಜೊತೆಗಾರರ ಕುದುರೆಗಳ ಲಗಾಮಿಗೆ ತನ್ನ ಕುದುರೆಯ ಲಗಾಮು ಕಟ್ಟಿಸಿಕೊಂಡು ಅವನು ಕದನಕ್ಕೆ ನುಗ್ಗಿದ. ಮರುದಿನ ಎಲ್ಲರ ದೇಹಗಳೂ ಒಟ್ಟಿಗೇ ಸಿಕ್ಕವು ಎನ್ನುತ್ತಾನೆ ಫ್ರ್ವಾಸಾರ್.

ಕೆಂಟ್ ಕನ್ನಡತಿ:

ಆ ದೊರೆಯ ಶಿರಸ್ತ್ರಾಣದಿಂದಲೇ ರಾಜಕುಮಾರ ಉಷ್ಟ್ರಪಕ್ಷಿಯ ಗರಿಯ ಲಾಂಛನ ತೆಗೆದುಕೊಂಡ ಎಂದು ಇಲ್ಲಿ ಮಕ್ಕಳಿಗೆ ಹೇಳುತ್ತಾರೆ. ಅದು ನಿಜವೇ? ವೇಲ್ಸ್‌ನ ರಾಜಕುಮಾರನ ಗುರುತಾಗಿ ಇಂದಿಗೂ ಆ ಮೂರು ಗರಿಗಳೇ ಇವೆ.

ಇತಿಹಾಸದ ಮೇಷ್ಟರು:

ಅವನ ಕಾಲದ ಶಸ್ತ್ರವೈದ್ಯ ಜಾನ್ ಆರ್ಡರ್ನ್ ಹಾಗೆ ಬರೆದಿರುವುದು ನಿಜ. ಹಾಗಾಗಿ ಕಥೆ ಹಳೆಯದೇ. ಆದರೆ ತಾಯಿ ಫಿಲಿಪ್ಪಾಳ ಎನೋ ಮನೆತನದಿಂದ ಗರಿ ಬಂದಿರುವ ಸಾಧ್ಯತೆಯೇ ಹೆಚ್ಚು. ಅವಳ ಪಾತ್ರೆಗಳ ಮೇಲೂ ಆ ಗರಿಯ ಚಿತ್ರವಿತ್ತು, ಅವನ ತಮ್ಮಂದಿರೂ ಅದನ್ನು ಬಳಸಿದರು.

‘ಕಪ್ಪು ರಾಜಕುಮಾರ’ ಎಂಬ ಹೆಸರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬದುಕಿದ್ದಾಗ ಅವನನ್ನು ಯಾರೂ ಹಾಗೆ ಕರೆದ ದಾಖಲೆಯಿಲ್ಲ. ಅವನು ಎಡ್ವರ್ಡ್ ಆಫ್ ವುಡ್‌ಸ್ಟಾಕ್. ಈ ಹೆಸರು ಬರಹದಲ್ಲಿ ಕಾಣಿಸುವುದು ಹದಿನಾರನೆಯ ಶತಮಾನದಲ್ಲಿ, ಜಾನ್ ಲೀಲಂಡ್‌ನ ಟಿಪ್ಪಣಿಗಳಲ್ಲಿ. ಅಂದರೆ ಅವನು ಸತ್ತು ನೂರೈವತ್ತು ವರ್ಷಕ್ಕೂ ಹೆಚ್ಚಾದ ಮೇಲೆ. ಕಪ್ಪು ಕವಚ ತೊಟ್ಟಿದ್ದ ಎನ್ನುವವರಿದ್ದಾರೆ, ಫ್ರಾನ್ಸಿನಲ್ಲಿ ಮಾಡಿದ ಕ್ರೌರ್ಯದಿಂದ ಬಂತು ಎನ್ನುವವರೂ ಇದ್ದಾರೆ. ಕವಚಕ್ಕೆ ಆಧಾರವಿಲ್ಲ. ಕ್ರೀಡೆಯಾಗಿ ನಡೆಸುತ್ತಿದ್ದ ಈಟಿ ಕಾಳಗದಲ್ಲಿ ಅವನು ಹಿಡಿಯುತ್ತಿದ್ದ ‘ಶಾಂತಿಯ ಗುರಾಣಿ’ಯ ಹಿನ್ನೆಲೆ ಕಪ್ಪು, ಅದರ ಮೇಲೆ ಮೂರು ಬಿಳಿ ಗರಿ. ನನಗೆ ಒಪ್ಪಿಗೆಯಾಗುವ ವಿವರಣೆ ಅದೊಂದೇ.

ಮಲೆನಾಡಿಗ:

ಹಳೆಯ ನಕಾಶೆಯವರೇ, ನಿಮ್ಮ ಬರಹ ಓದಿ ಮನಸ್ಸು ಭಾರವಾಯಿತು. ಆದರೂ ಒಂದು ಮಾತು ಕೇಳಲೇಬೇಕು. ಊರು ಸುಡುವುದನ್ನು ಅವನೇ ಕಂಡುಹಿಡಿದನೇ? ಅವನ ತಂದೆ 1339ರಲ್ಲಿ ಉತ್ತರ ಫ್ರಾನ್ಸಿನಲ್ಲಿ ಮಾಡಿದ್ದೂ ಅದನ್ನೇ, ಸ್ಕಾಟ್‌ಲೆಂಡಿನವರು ಉತ್ತರ ಇಂಗ್ಲೆಂಡಿನಲ್ಲಿ ಮಾಡಿದ್ದೂ ಅದನ್ನೇ. ಫ್ರೆಂಚರು ಹಡಗಿನಲ್ಲಿ ಬಂದು 1338ರಲ್ಲಿ ಸೌತಾಂಪ್ಟನ್ ಸುಟ್ಟಿದ್ದರು. ಗ್ಯಾಸ್ಕನಿಯ ಪ್ರಭುಗಳು ರಾಜಕುಮಾರನನ್ನು ಕಳಿಸಿಕೊಡಿ ಎಂದು ಬೇಡಿಕೊಂಡದ್ದೇ ಆರ್ಮನ್ಯಾಕ್‌ನ ಕೌಂಟ್ ಅವರ ನೆಲದ ಮೇಲೆ ದಾಳಿ ಮಾಡುತ್ತಿದ್ದ ಎಂಬ ಕಾರಣಕ್ಕೆ. ಆ ಕಾಲದಲ್ಲಿ ಯುದ್ಧವೆಂದರೆ ಹಾಗೆಯೇ ಇತ್ತು. ಇಂದಿನ ಅಳತೆಗೋಲಿನಿಂದ ಅವನೊಬ್ಬನನ್ನೇ ಅಳೆಯುವುದು ನ್ಯಾಯವಲ್ಲ.

ಹಳೆಯ ನಕಾಶೆ:

ಮಲೆನಾಡಿಗರೇ, ನೀವು ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಗ್ಯಾಸ್ಕನಿಯವರ ದೂರನ್ನು ನಾನೇ ಮೊದಲು ಹೇಳಬೇಕಿತ್ತು. ಬಿಟ್ಟದ್ದು ನನ್ನ ತಪ್ಪು.

ಆದರೆ ಅಳತೆಗೋಲು ಇಂದಿನದೇನೂ ಅಲ್ಲ. ಕಾರ್ಕಸೊನ್‌ನ ಕೆಳ ಪಟ್ಟಣದವರು ಊರು ಸುಡಬೇಡಿ ಎಂದು ದೊಡ್ಡ ಮೊತ್ತದ ಚಿನ್ನ ಕೊಡಲು ಬಂದರು. ಆ ಕಾಲದ ಯುದ್ಧದಲ್ಲಿ ಅದೂ ಒಪ್ಪಿತ ಪದ್ಧತಿಯೇ. ರಾಜಕುಮಾರ ಒಪ್ಪಲಿಲ್ಲ. ತಾನು ಬಂದಿರುವುದು ಚಿನ್ನಕ್ಕಲ್ಲ, ನ್ಯಾಯಕ್ಕೆ. ಫ್ರಾನ್ಸಿನ ನಿಜವಾದ ದೊರೆ ತನ್ನ ತಂದೆ, ಅವನಿಗೆ ಶರಣಾಗದವರು ದ್ರೋಹಿಗಳು ಎಂದ. ಪಟ್ಟಣಕ್ಕೆ ಬೆಂಕಿ ಬಿತ್ತು. ಚರ್ಚಿನ ಆಸ್ತಿಗೆ ಕೈ ಹಾಕಬೇಡಿ ಎಂದು ಆಜ್ಞೆ ಕೊಟ್ಟಿದ್ದ ಎಂಬುದೂ ದಾಖಲಾಗಿದೆ. ಅಂದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಉಳಿಸಬಾರದು ಎಂಬ ವಿವೇಚನೆ ಅವನಿಗೆ ಇತ್ತು. ವಿವೇಚನೆಯಿದ್ದವನನ್ನು ಕಾಲದ ಹೆಸರಿನಲ್ಲಿ ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ.

ಬೇಕರ್‌ನ ವೃತ್ತಾಂತದಲ್ಲಿ ಮರೆಯಲಾಗದ ಒಂದು ಸಂಗತಿ ಇದೆ. ನಾರ್ಬಾನ್‌ನಿಂದ ಮರಳುವಾಗ ಒಂದು ರಾತ್ರಿ ನೀರೇ ಸಿಗಲಿಲ್ಲ. ಕುದುರೆಗಳಿಗೆ ದ್ರಾಕ್ಷಾರಸದ ಮದ್ಯ ಕುಡಿಸಿದರು. ಮರುದಿನ ಅವು ಕಾಲೂರಲಾಗದೆ ತೂರಾಡಿದವು, ಎಷ್ಟೋ ಸತ್ತವು. ಹಿಂಗಾರಿನಲ್ಲಿ ಸೂರೆಗೆ ಹೊರಟ ಆ ನೆಲದಲ್ಲಿ ಮನೆಮನೆಯ ನೆಲಮಾಳಿಗೆಯಲ್ಲೂ ಆ ವರ್ಷದ ಬೆಳೆ ಪೀಪಾಯಿಗಳಲ್ಲಿ ತುಂಬಿತ್ತು. ಕುದುರೆಗಳು ಕುಡಿದದ್ದು ಯಾರದೋ ಒಂದು ವರ್ಷದ ದುಡಿಮೆ.

ಬಿಲ್ವಿದ್ಯೆ:

ಪ್ವಾತಿಯೇ ಬಗ್ಗೆ ಯಾರೂ ಬರೆಯದಿದ್ದರೆ ನಾನೇ ಬರೆಯುತ್ತೇನೆ. ಏಕೆಂದರೆ ಅದು ಬಿಲ್ಲಿನ ಗೆಲುವು ಎಂದು ಎಲ್ಲರೂ ಹೇಳುತ್ತಾರೆ, ಬಿಲ್ಲನ್ನು ಪ್ರೀತಿಸುವ ನನಗೆ ಹಾಗೆ ಕಾಣುವುದಿಲ್ಲ.

1356ರ ಆಗಸ್ಟ್‌ನಲ್ಲಿ ಬೆರ್ಜೆರಾಕ್‌ನಿಂದ ಹೊರಟ ಅವನು ಸುಡುತ್ತಲೇ ಉತ್ತರಕ್ಕೆ ಲ್ವಾರ್ ನದಿಯವರೆಗೆ ಹೋದ. ರೊಮೊರಾಂತಾಂ ಕೋಟೆಗೆ ಮುತ್ತಿಗೆ ಹಾಕಿ ದಿನಗಳನ್ನು ಕಳೆದುಕೊಂಡ. ಅಷ್ಟರಲ್ಲಿ ಫ್ರಾನ್ಸಿನ ಎರಡನೆಯ ಜಾನ್ ದೊರೆ ದೊಡ್ಡ ಸೈನ್ಯದೊಂದಿಗೆ ಬೆನ್ನು ಹತ್ತಿದ. ಕೊಳ್ಳೆಯ ಬಂಡಿಗಳನ್ನು ಎಳೆದುಕೊಂಡು ದಕ್ಷಿಣಕ್ಕೆ ಸರಿಯುತ್ತಿದ್ದ ರಾಜಕುಮಾರ ಪ್ವಾತಿಯೇ ಬಳಿ ಸಿಕ್ಕಿಬಿದ್ದ. ಸೆಪ್ಟೆಂಬರ್ 18, ಭಾನುವಾರ. ಕಾರ್ಡಿನಲ್ ತಾಲೆರಾಂ ಎರಡೂ ಪಾಳೆಯಗಳ ನಡುವೆ ಓಡಾಡಿ ಸಂಧಾನಕ್ಕೆ ಪ್ರಯತ್ನಿಸಿದ. ರಾಜಕುಮಾರ ಸೆರೆಯಾಳುಗಳನ್ನೂ ಗೆದ್ದ ಸ್ಥಳಗಳನ್ನೂ ಬಿಟ್ಟುಕೊಡಲು ಸಿದ್ಧನಿದ್ದ. ಆ ಮಟ್ಟಿಗೆ ಅವನು ಇಕ್ಕಟ್ಟಿನಲ್ಲಿದ್ದ. ಮಾತುಕತೆ ಮುರಿಯಿತು.

ಸೋಮವಾರ ಬೆಳಗ್ಗೆ ಇಬ್ಬರು ಮಾರ್ಷಲ್‌ಗಳ ನೇತೃತ್ವದಲ್ಲಿ ಫ್ರೆಂಚ್ ಕುದುರೆಪಡೆ ನುಗ್ಗಿತು. ಕುದುರೆಗಳ ಎದೆಗೂ ತಲೆಗೂ ಲೋಹದ ಹೊದಿಕೆಯಿತ್ತು. ಎದುರಿನಿಂದ ಬಿಟ್ಟ ಬಾಣಗಳು ಜಾರಿಬಿದ್ದವು. ಬಿಲ್ಲುಗಾರರನ್ನು ಪಕ್ಕದ ಜೌಗಿಗೆ ಇಳಿಸಿ, ಹೊದಿಕೆಯಿಲ್ಲದ ಹಿಂಭಾಗಕ್ಕೆ ಗುರಿಯಿಡಿಸಿದ ಮೇಲೆ ಕುದುರೆಗಳು ಉರುಳಿದವು. ಇಷ್ಟು ಬಿಲ್ಲಿನ ಪಾಲು. ಆಮೇಲೆ ಫ್ರಾನ್ಸಿನ ಯುವರಾಜನ ಪಡೆ ಕಾಲ್ನಡಿಗೆಯಲ್ಲಿ ಬಂದು ಬೇಲಿಯ ಬಳಿ ಗಂಟೆಗಟ್ಟಲೆ ಹೊಡೆದಾಡಿತು. ಅದು ಸರಿದ ಮೇಲೆ ಓರ್ಲಿಯಾಂ ಡ್ಯೂಕ್‌ನ ಪಡೆ ಕತ್ತಿ ಎತ್ತದೆಯೇ ಮೈದಾನ ಬಿಟ್ಟಿತು. ಕೊನೆಗೆ ಬಂದದ್ದು ಸ್ವತಃ ದೊರೆಯ ಪಡೆ. ಆ ಹೊತ್ತಿಗೆ ಇಂಗ್ಲಿಷರ ಬತ್ತಳಿಕೆಗಳು ಖಾಲಿ. ಗಾಯಾಳುಗಳ ಮೈಯಿಂದ ಬಾಣ ಕಿತ್ತು ಮತ್ತೆ ಹೂಡುತ್ತಿದ್ದರು.

ಗೆಲುವು ತಂದದ್ದು ಗ್ಯಾಸ್ಕನಿಯ ಪ್ರಭು, ಕಾಪ್ತಾಲ್ ದ ಬ್ಯೂಷ್ ಎಂದು ಹೆಸರಾದ ಜಾನ್ ದ ಗ್ರೈಯಿ. ನೂರರ ಆಸುಪಾಸಿನ ಬಿಲ್ಲುಗಾರರನ್ನೂ ಅದಕ್ಕಿಂತ ಕಡಿಮೆ ಕವಚಧಾರಿಗಳನ್ನೂ ಕರೆದುಕೊಂಡು ಗುಡ್ಡದ ಮರೆಯಲ್ಲಿ ಸುತ್ತಿ ಅವನು ಶತ್ರುವಿನ ಬೆನ್ನಿಗೆ ಬಂದ. ಅದೇ ಹೊತ್ತಿಗೆ ರಾಜಕುಮಾರ ತನ್ನವರನ್ನು ಕುದುರೆ ಹತ್ತಿಸಿ ಎದುರಿನಿಂದ ನುಗ್ಗಿದ. ದಣಿದ ಜನರನ್ನು ಕಾಯ್ದುಕೊಳ್ಳುವುದರಿಂದ ಮುನ್ನುಗ್ಗುವುದಕ್ಕೆ ಒಂದೇ ಏಟಿಗೆ ತಿರುಗಿಸಿದ ಆ ನಿರ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಧ್ವಜ ಹಿಡಿದಿದ್ದ ಜೆಫ್ರ್ವಾ ದ ಶಾರ್ನಿ ಬಿದ್ದ. ದೊರೆ ಜಾನ್ ಕೊಡಲಿ ಹಿಡಿದು ಹೋರಾಡಿದ. ಹದಿನಾಲ್ಕರ ಮಗ ಫಿಲಿಪ್ ಪಕ್ಕದಲ್ಲಿ ನಿಂತು ಎಡಕ್ಕೆ ನೋಡಿ ಅಪ್ಪಾ, ಬಲಕ್ಕೆ ನೋಡಿ ಅಪ್ಪಾ ಎಂದು ಎಚ್ಚರಿಸುತ್ತಿದ್ದನಂತೆ. ಇಬ್ಬರೂ ಸೆರೆಯಾದರು. ಆ ರಾತ್ರಿ ರಾಜಕುಮಾರ ಸೆರೆಸಿಕ್ಕ ದೊರೆಗೆ ತಾನೇ ನಿಂತು ಊಟ ಬಡಿಸಿದ, ಸಮನಾಗಿ ಕೂರಲು ಒಪ್ಪಲಿಲ್ಲ ಎನ್ನುತ್ತಾನೆ ಫ್ರ್ವಾಸಾರ್.

ಮಲೆನಾಡಿಗ:

ಆ ಊಟದ ಪ್ರಸಂಗಕ್ಕಾಗಿಯೇ ನಾನು ಅವನ ಅಭಿಮಾನಿಯಾದದ್ದು. ಗೆದ್ದವನಲ್ಲಿ ಅಂಥ ವಿನಯ ಎಷ್ಟು ಕಡೆ ಸಿಗುತ್ತದೆ?

ನಾಣ್ಯಪೆಟ್ಟಿಗೆ:

ನಾನು ಹಳೆಯ ನಾಣ್ಯಗಳನ್ನು ನೋಡುವವನು, ಹಾಗಾಗಿ ಹಣದ ದಾರಿ ಹಿಡಿದು ಬರೆಯುತ್ತೇನೆ. ಅವನ ಪತನದ ಕಥೆ ಅಲ್ಲಿಯೇ ಇದೆ.

1360ರ ಬ್ರೆತಿನ್ಯಿ ಒಪ್ಪಂದದಲ್ಲಿ ಜಾನ್ ದೊರೆಯ ಬಿಡುಗಡೆಗೆ ಗೊತ್ತಾದ ಮೊತ್ತ 30 ಲಕ್ಷ ಎಕ್ಯು, ಅಂದರೆ ಫ್ರಾನ್ಸಿನ ಚಿನ್ನದ ನಾಣ್ಯ. ನೈಋತ್ಯ ಫ್ರಾನ್ಸಿನ ದೊಡ್ಡ ಭಾಗವೂ ಇಂಗ್ಲೆಂಡಿಗೆ ಬಂತು. 1362ರಲ್ಲಿ ತಂದೆ ಅದನ್ನು ಮಗನಿಗೆ ಆಕ್ವಿಟೇನ್ ಸಂಸ್ಥಾನವಾಗಿ ಕೊಟ್ಟ. ಅಲ್ಲಿ ಅವನು ತನ್ನ ಹೆಸರಿನಲ್ಲೇ ಚಿನ್ನದ ನಾಣ್ಯ ಹೊರಡಿಸಿದ. ‘ಪಾವಿಯೋಂ’ ಎಂಬ ನಾಣ್ಯದಲ್ಲಿ ಮಂಟಪದ ಕೆಳಗೆ ಕತ್ತಿ ಹಿಡಿದು ನಿಂತ ರಾಜಕುಮಾರ, ಇಕ್ಕೆಲಗಳಲ್ಲಿ ಉಷ್ಟ್ರಪಕ್ಷಿಯ ಗರಿಗಳು. ಅಷ್ಟು ಸುಂದರ ನಾಣ್ಯ ಆ ಶತಮಾನದಲ್ಲಿ ಕಡಿಮೆ. ಬೋರ್ಡೋ ಮತ್ತು ಆಂಗುಲೇಮ್‌ನಲ್ಲಿ ನಡೆಯುತ್ತಿದ್ದ ಅವನ ಆಸ್ಥಾನದ ವೈಭವವೂ ಹಾಗೆಯೇ ಇತ್ತು, ಖರ್ಚೂ ಹಾಗೆಯೇ.

ಅಷ್ಟರಲ್ಲಿ ಸ್ಪೇನಿನ ಕ್ಯಾಸ್ಟೀಲ್ ರಾಜ್ಯದ ದೊರೆ ಪೆದ್ರೊ ಮಲಸಹೋದರ ಎನ್ರಿಕೆಯಿಂದ ಸಿಂಹಾಸನ ಕಳೆದುಕೊಂಡು ಆಶ್ರಯ ಬೇಡಿ ಬಂದ. 1366ರ ಸೆಪ್ಟೆಂಬರ್‌ನಲ್ಲಿ ಲಿಬೂರ್ನ್‌ನಲ್ಲಿ ಒಪ್ಪಂದವಾಯಿತು. ಪೆದ್ರೊ 5,50,000 ಫ್ಲಾರಿನ್ ಕೊಡಬೇಕು, ರಾಜಕುಮಾರನಿಗೆ ಬಿಸ್ಕೆ ಸೀಮೆಯನ್ನೂ ಬಿಟ್ಟುಕೊಡಬೇಕು. ಹೆಣ್ಣುಮಕ್ಕಳನ್ನು ಒತ್ತೆಯಾಗಿ ಬಿಟ್ಟ. ಸೈನಿಕರ ಸಂಬಳವನ್ನು ಮುಂಗಡವಾಗಿ ಕೊಟ್ಟವನು ರಾಜಕುಮಾರ. 1367ರ ಫೆಬ್ರವರಿಯಲ್ಲಿ, ಹಿಮದಲ್ಲಿ ರಾನ್ಸೆವಾಲ್ ಕಣಿವೆ ದಾಟಿ, ಏಪ್ರಿಲ್ 3ರಂದು ನಾಹೆರಾದಲ್ಲಿ ಎನ್ರಿಕೆಯ ಸೈನ್ಯವನ್ನು ಧೂಳೀಪಟ ಮಾಡಿದ. ಬೆರ್ತ್ರಾಂ ದು ಗೆಕ್ಲಾಂನಂಥ ಫ್ರೆಂಚ್ ಸೇನಾನಿ ಸೆರೆಸಿಕ್ಕ. ಯುದ್ಧಕಲೆಯ ಲೆಕ್ಕದಲ್ಲಿ ಅವನ ಅತ್ಯಂತ ಪರಿಪೂರ್ಣ ಗೆಲುವು ಇದೇ.

ಸೆರೆಸಿಕ್ಕವರಲ್ಲಿ ಪ್ವಾತಿಯೇಯಲ್ಲೂ ಸೆರೆಸಿಕ್ಕಿದ್ದ ಫ್ರೆಂಚ್ ಮಾರ್ಷಲ್ ಓಡ್ರೆಹಾಮ್ ಇದ್ದ. ಬಿಡುಗಡೆಯ ಹಣ ಪೂರ್ತಿ ತೀರುವವರೆಗೆ ನನ್ನ ವಿರುದ್ಧ ಆಯುಧ ಎತ್ತುವುದಿಲ್ಲ ಎಂದು ಮಾತು ಕೊಟ್ಟಿದ್ದೆ, ನೀನು ದ್ರೋಹಿ ಎಂದ ರಾಜಕುಮಾರ. ವಿಚಾರಣೆಗೆ ಹನ್ನೆರಡು ನೈಟ್‌ಗಳನ್ನು ಕೂರಿಸಿದರು. ಓಡ್ರೆಹಾಮ್ ಉತ್ತರ ಕೊಟ್ಟ: ಇಂದಿನ ಯುದ್ಧದ ಒಡೆಯ ನೀವಲ್ಲ, ಪೆದ್ರೊ, ನೀವು ಅವನ ಸಂಬಳಕ್ಕೆ ಬಂದ ದಳಪತಿ, ಆದ್ದರಿಂದ ನಾನು ಎತ್ತಿದ್ದು ನಿಮ್ಮ ವಿರುದ್ಧದ ಆಯುಧವಲ್ಲ. ನೈಟ್‌ಗಳು ಆ ವಾದ ಒಪ್ಪಿದರು. ತೀರ್ಪನ್ನು ರಾಜಕುಮಾರನೂ ಒಪ್ಪಿಕೊಂಡ. ಅವನ ಬಗ್ಗೆ ನನಗೆ ಗೌರವ ಹುಟ್ಟಿಸುವ ಪ್ರಸಂಗ ಇದು, ಊಟ ಬಡಿಸಿದ್ದಲ್ಲ.

ಮುಂದೆ ಆದದ್ದು ದುರಂತ. ಪೆದ್ರೊ ಹಣ ಕೊಡಲಿಲ್ಲ. ಕ್ಯಾಸ್ಟೀಲ್‌ನ ಬೇಸಿಗೆಯಲ್ಲಿ ಕಾದು ಕುಳಿತ ಸೈನ್ಯ ರಕ್ತಭೇದಿಗೆ ಸಿಕ್ಕಿ ಕರಗಿತು. ರಾಜಕುಮಾರನೂ ಕಾಯಿಲೆ ಬಿದ್ದ. ಆ ದೇಹ ಮತ್ತೆಂದೂ ಪೂರ್ತಿ ಚೇತರಿಸಲಿಲ್ಲ. ಎರಡು ವರ್ಷದೊಳಗೆ ಎನ್ರಿಕೆ ಮರಳಿ ಬಂದು ಪೆದ್ರೊನನ್ನು ಮೊಂತಿಯೆಲ್‌ನಲ್ಲಿ ಕೊಂದ. ಗೆಲುವಿನಿಂದ ಉಳಿದದ್ದು ಸಾಲ ಮಾತ್ರ.

ಸಾಲ ತೀರಿಸಲು 1368ರ ಜನವರಿಯಲ್ಲಿ ಆಂಗುಲೇಮ್‌ನಲ್ಲಿ ಸಭೆ ಸೇರಿಸಿ ‘ಫುವಾಜ್’ ಎಂಬ ತೆರಿಗೆ ಹೇರಿದ. ಫುವಾಜ್ ಎಂದರೆ ಒಲೆ ತೆರಿಗೆ. ಒಲೆಯೊಂದಕ್ಕೆ, ಅಂದರೆ ಮನೆಯೊಂದಕ್ಕೆ, ವರ್ಷಕ್ಕೆ 10 ಸೂ (ಫ್ರೆಂಚ್ ನಾಣ್ಯ), ಐದು ವರ್ಷ.

ಹಳೆಯ ನಕಾಶೆ:

ನಾಣ್ಯಪೆಟ್ಟಿಗೆಯವರೇ, ನಾನು ಈ ಚರ್ಚೆ ತೆರೆದದ್ದೇ ಈ ಒಲೆ ತೆರಿಗೆಗೆ ಬರಲು. ದಯವಿಟ್ಟು ಎಲ್ಲರೂ ಒಂದು ಹೆಸರನ್ನು ಗಮನಿಸಿ: ಆರ್ಮನ್ಯಾಕ್‌ನ ಕೌಂಟ್, ಮೊದಲನೆಯ ಜಾನ್.

1355ರಲ್ಲಿ ದಕ್ಷಿಣ ಫ್ರಾನ್ಸಿನ ಲಾಂಗ್‌ದೊಕ್ ಸೀಮೆಯಲ್ಲಿ ಫ್ರಾನ್ಸ್ ದೊರೆಯ ಪ್ರತಿನಿಧಿ ಇವನೇ. ಮೊದಲು ಉರಿದದ್ದು ಇವನ ಊರುಗಳು. ತುಲೂಸ್ ಕೋಟೆಯೊಳಗೆ ಸೈನ್ಯ ಇಟ್ಟುಕೊಂಡಿದ್ದರೂ ಹೊರಗೆ ಬರಲಿಲ್ಲ. ರಾಜಕುಮಾರ ಊರಿನ ದಕ್ಷಿಣಕ್ಕೆ ಗಾರೋನ್ ಮತ್ತು ಆರಿಯೇಜ್, ಎರಡೂ ನದಿಗಳನ್ನು ಒಂದೇ ದಿನ ದಾಟಿ ಮುಂದೆ ಹೋದ. 1360ರ ಒಪ್ಪಂದದ ನಂತರ ಇದೇ ಕೌಂಟ್ ರಾಜಕುಮಾರನ ಸಾಮಂತನಾದ. ನಾಹೆರಾದಲ್ಲಿ ಅವನ ಪಕ್ಷದಲ್ಲೇ ಹೋರಾಡಿದ. ಒಲೆ ತೆರಿಗೆ ಬಂದಾಗ ನನ್ನ ಸೀಮೆಯಲ್ಲಿ ವಸೂಲಿಗೆ ಬಿಡುವುದಿಲ್ಲ ಎಂದವನೂ ಇವನೇ. ಮೊದಲು ಇಂಗ್ಲೆಂಡ್ ದೊರೆಗೆ ದೂರಿಕೊಂಡ, ಆಮೇಲೆ ಫ್ರಾನ್ಸಿನ ಐದನೆಯ ಚಾರ್ಲ್ಸ್‌ಗೆ ಮೇಲ್ಮನವಿ ಕೊಟ್ಟ. ಗ್ಯಾಸ್ಕನಿಯ ಅಲ್ಬ್ರೆ ಪ್ರಭು ಜೊತೆಗೂಡಿದ.

ಪ್ಯಾರಿಸ್‌ನ ರಾಜನ್ಯಾಯಾಲಯಕ್ಕೆ 1369ರ ಮೇ 2ರಂದು ಹಾಜರಾಗು ಎಂದು ಚಾರ್ಲ್ಸ್ ರಾಜಕುಮಾರನಿಗೆ ಕರೆ ಕಳಿಸಿದ. ಬರುತ್ತೇನೆ, ಆದರೆ ತಲೆಗೆ ಶಿರಸ್ತ್ರಾಣ ಹಾಕಿಕೊಂಡು 60,000 ಜನರೊಂದಿಗೆ ಬರುತ್ತೇನೆ ಎಂಬ ಉತ್ತರವನ್ನು ಫ್ರ್ವಾಸಾರ್ ಅವನ ಬಾಯಲ್ಲಿ ಇಡುತ್ತಾನೆ. ಹೋಗಲು ಆ ದೇಹದಲ್ಲಿ ಶಕ್ತಿಯಿರಲಿಲ್ಲ. ಯುದ್ಧ ಮತ್ತೆ ಹೊತ್ತಿಕೊಂಡಿತು, ಆಕ್ವಿಟೇನ್‌ನ ಪಟ್ಟಣಗಳು ಒಂದೊಂದಾಗಿ ಬಾಗಿಲು ತೆರೆದು ಫ್ರೆಂಚರ ಕಡೆಗೆ ಹೋದವು.

ಹದಿಮೂರು ವರ್ಷ ಹಿಂದೆ ಶತ್ರುವಿನ ತೆರಿಗೆ ನಿಲ್ಲಿಸಲು ಒಲೆಗಳನ್ನು ನಂದಿಸಿದವನು, ಈಗ ತನ್ನ ತೆರಿಗೆಗಾಗಿ ಅದೇ ನಾಡಿನ ಒಲೆಗಳನ್ನು ಎಣಿಸಲು ಹೊರಟಿದ್ದ. ಆರ್ಮನ್ಯಾಕ್‌ನ ರೈತನ ಕಣ್ಣಿನಿಂದ ನೋಡಿ. ಕೌಂಟ್‌ಗೆ ಅವನದೇ ಹಣಕಾಸಿನ ತೊಂದರೆಗಳಿದ್ದವು, ಅವನೇನೂ ರೈತರ ಬಂಧುವಲ್ಲ. ಆದರೂ ಅವನ ದೂರಿನ ಹಿಂದೆ ಜನ ನಿಂತದ್ದು ಏಕೆ ಎಂದು ಕೇಳಿದರೆ ನನಗೆ 1355 ನೆನಪಾಗುತ್ತದೆ.

ಇತಿಹಾಸದ ಮೇಷ್ಟರು:

ಜೋಡಣೆ ಚೆನ್ನಾಗಿದೆ. ಆದರೆ ಸ್ವಲ್ಪ ಎಚ್ಚರ ಬೇಕು. ಕೌಂಟ್ ಮೇಲ್ಮನವಿ ಕೊಟ್ಟದ್ದು ಮುಖ್ಯವಾಗಿ ತನ್ನ ಹಕ್ಕುಗಳಿಗಾಗಿ. ತನ್ನ ನೆಲದಲ್ಲಿ ತನ್ನ ಒಪ್ಪಿಗೆಯಿಲ್ಲದೆ ತೆರಿಗೆ ಎತ್ತಬಾರದು ಎಂಬುದೇ ಅವನ ವಾದ. ಚಾರ್ಲ್ಸ್ ಕೂಡ ಇಂಥದೊಂದು ನೆಪಕ್ಕೆ ಕಾದಿದ್ದ. ಸುಟ್ಟ ಹಳ್ಳಿಗಳ ನೆನಪು ಎಷ್ಟು ಕೆಲಸ ಮಾಡಿತು ಎಂಬುದನ್ನು ಯಾವ ದಾಖಲೆಯಿಂದಲೂ ಅಳೆಯಲಾಗದು.

ಲಿಮೋಜ್ ವಿಷಯಕ್ಕೆ ಬರೋಣ. ಅವನ ಹೆಸರಿಗೆ ಅತಿ ದೊಡ್ಡ ಕಳಂಕ ಅದು. 1370ರ ಆಗಸ್ಟ್‌ನಲ್ಲಿ ಲಿಮೋಜ್‌ನ ಬಿಷಪ್ ಜಾನ್ ದ ಕ್ರೊ ತನ್ನ ಊರನ್ನು ಫ್ರೆಂಚರಿಗೆ ಒಪ್ಪಿಸಿದ. ಅವನು ರಾಜಕುಮಾರನ ಆಪ್ತ. ಆದ್ದರಿಂದಲೇ ಸಿಟ್ಟು ಹೆಚ್ಚು. ಕುದುರೆ ಹತ್ತಲಾಗದ ರಾಜಕುಮಾರ ಡೋಲಿಯಲ್ಲಿ ಮಲಗಿಕೊಂಡೇ ಬಂದ. ಗೋಡೆಯ ಕೆಳಗೆ ಸುರಂಗ ತೋಡಿಸಿ ಸೆಪ್ಟೆಂಬರ್ 19ರಂದು ಊರನ್ನು ಹಿಡಿದ. ಮೊಣಕಾಲೂರಿ ಬೇಡಿದರೂ ಬಿಡದೆ ಗಂಡಸರು, ಹೆಂಗಸರು, ಮಕ್ಕಳು ಸೇರಿ 3,000ಕ್ಕೂ ಹೆಚ್ಚು ಜನರನ್ನು ಕೊಂದರು ಎಂದು ಫ್ರ್ವಾಸಾರ್ ಬರೆದ. ಶತಮಾನಗಳ ಕಾಲ ಎಲ್ಲರೂ ಅದನ್ನೇ ನಂಬಿದರು.

ಆದರೆ ಲಿಮೋಜ್‌ನಲ್ಲೇ ಇದ್ದ ಸೇಂಟ್ ಮಾರ್ಷಿಯಲ್ ಮಠದ ದಾಖಲೆಯಲ್ಲಿ ಸತ್ತವರ ಸಂಖ್ಯೆ ಸುಮಾರು 300. ಇತಿಹಾಸಕಾರ ಗಿಲೆಮ್ ಪೆಪಾಂ ಸ್ಪೇನಿನ ದಾಖಲೆ ಸಂಗ್ರಹದಲ್ಲಿ ರಾಜಕುಮಾರನದೇ ಪತ್ರವೊಂದನ್ನು ಪತ್ತೆಮಾಡಿದರು. ಊರು ಬಿದ್ದ ಮೂರು ದಿನಕ್ಕೆ ಫ್ವಾ ಕೌಂಟ್ ಗಾಸ್ತೋಂಗೆ ಬರೆದದ್ದು. ಬಿಷಪ್‌ನ ಜೊತೆಗೆ 200 ನೈಟ್‌ಗಳು ಮತ್ತು ಸೈನಿಕರು ಸೆರೆಯಾದರು ಎಂದಿದೆ, ಕಗ್ಗೊಲೆಯ ಸುಳಿವಿಲ್ಲ. ಲಿಮೋಜ್ ಎಂದರೆ ಆಗ ಎರಡು ಪ್ರತ್ಯೇಕ ಗೋಡೆಗಳ ಊರು. ಬಿದ್ದದ್ದು ಬಿಷಪ್‌ನ ಚಿಕ್ಕ ಊರು ಮಾತ್ರ. ಪಕ್ಕದ ದೊಡ್ಡ ಊರು ಕೊನೆಯವರೆಗೂ ರಾಜಕುಮಾರನಿಗೆ ನಿಷ್ಠವಾಗಿತ್ತು. ಚಿಕ್ಕ ಊರಿನಲ್ಲಿ 3,000 ಸಾವು ನಂಬುವಂಥದ್ದಲ್ಲ.

ಮಲೆನಾಡಿಗ:

ಮೇಷ್ಟರೇ, ಧನ್ಯವಾದ. ಹಾಗಾದರೆ ಆರುನೂರು ವರ್ಷ ಅವನು ಮಾಡದ ತಪ್ಪಿಗೆ ಬೈಗುಳ ತಿಂದ.

ಹಳೆಯ ನಕಾಶೆ:

ಮುನ್ನೂರು ಜನ ಸತ್ತರೆ ಅದು ತಪ್ಪಲ್ಲವೇ ಮಲೆನಾಡಿಗರೇ? ಮೇಷ್ಟರ ತಿದ್ದುಪಡಿಯನ್ನು ನಾನು ಪೂರ್ತಿ ಒಪ್ಪುತ್ತೇನೆ, 3,000 ಎಂದು ಇನ್ನು ಮುಂದೆ ಎಲ್ಲೂ ಹೇಳುವುದಿಲ್ಲ. ಆದರೆ ಅವನ ಮೇಲಿನ ಆರೋಪವೆಲ್ಲ ಲಿಮೋಜ್ ಒಂದರ ಮೇಲೆಯೇ ನಿಂತಂತೆ ಚರ್ಚೆ ನಡೆಯುವುದೇ ನನಗೆ ಬೇಸರ. ಲಿಮೋಜ್‌ನಲ್ಲಿ ಅವನು ನಿರಪರಾಧಿಯಾದರೂ 1355 ಹಾಗೆಯೇ ಉಳಿಯುತ್ತದೆ. ಅದಕ್ಕೆ ಶತ್ರುವಿನ ಸಾಕ್ಷಿ ಬೇಕಿಲ್ಲ, ಅವನದೇ ಅಧಿಕಾರಿಯ ಪತ್ರವಿದೆ.

ಕೆಂಟ್ ಕನ್ನಡತಿ:

ನಾನು ಇತಿಹಾಸ ಓದಿದವಳಲ್ಲ. ಆದರೆ ಮನೆಯಿಂದ ಕ್ಯಾಂಟರ್ಬರಿ ಹತ್ತಿರ. ಊರಿನಿಂದ ಬಂದವರನ್ನೆಲ್ಲ ಕ್ಯಾಥೆಡ್ರಲ್‌ಗೆ ಕರೆದುಕೊಂಡು ಹೋಗುತ್ತೇನೆ, ಹಾಗಾಗಿ ಆ ಸಮಾಧಿಯನ್ನು ಹಲವು ಸಲ ನೋಡಿದ್ದೇನೆ.

ಲೋಹದ ಮೂರ್ತಿ, ಪೂರ್ತಿ ಕವಚದಲ್ಲಿ ಅಂಗಾತ ಮಲಗಿದೆ, ಕೈಗಳು ಜೋಡಿಸಿವೆ. ಮೇಲಿನ ಮರದ ಹಲಗೆಯಲ್ಲಿ ತ್ರಿಯೇಕ ದೇವರ (ತಂದೆ, ಮಗ, ಪವಿತ್ರಾತ್ಮ) ಚಿತ್ರ. ಅವನಿಗೆ ಆ ಭಕ್ತಿ ಬಹಳ, ತೀರಿಕೊಂಡದ್ದೂ ತ್ರಿಯೇಕನ ಹಬ್ಬದ ಭಾನುವಾರ. ಮೇಲೆ ತೂಗುಹಾಕಿರುವ ಶಿರಸ್ತ್ರಾಣ, ಗುರಾಣಿ, ಕೈಗವಸು, ಅಂಗಿ ಪ್ರತಿಗಳು. ಆರು ಶತಮಾನ ದಾಟಿ ಉಳಿದ ಅಸಲಿ ವಸ್ತುಗಳನ್ನು ಗಾಜಿನೊಳಗೆ ಇಟ್ಟಿದ್ದಾರೆ. ಆ ಅಂಗಿ ನೋಡಿದಾಗ ಮೈ ಜುಮ್ಮೆಂದಿತು. ಬಣ್ಣ ಮಾಸಿದ ಬಟ್ಟೆ, ಒಬ್ಬ ಮನುಷ್ಯನ ಮೈಯಳತೆ.

ಸಾಯುವ ಹಿಂದಿನ ದಿನ ಬರೆಸಿದ ಉಯಿಲಿನಲ್ಲಿ ನೆಲಮಾಳಿಗೆಯ ದೇವಮಾತೆಯ ಗುಡಿಯಲ್ಲಿ ಹೂಳಿ ಎಂದಿದ್ದನಂತೆ. ಜನ ಕೇಳಲಿಲ್ಲ, ಮೇಲೆ ಸಂತ ಬೆಕೆಟ್‌ನ ಗುಡಿಯ ಪಕ್ಕದಲ್ಲೇ ಹೂಳಿದರು. ಸಮಾಧಿಯ ಸುತ್ತ ಫ್ರೆಂಚ್ ಪದ್ಯವನ್ನು ಕೆತ್ತಬೇಕೆಂದು ಉಯಿಲಿನಲ್ಲೇ ಬರೆಸಿದ್ದ. ಅದರ ತಾತ್ಪರ್ಯವನ್ನು ಅಲ್ಲಿನ ಮಾರ್ಗದರ್ಶಕರು ಹೇಳಿದರು: ನೀನಿರುವಂತೆ ನಾನೂ ಇದ್ದೆ, ನಾನಿರುವಂತೆ ನೀನೂ ಆಗುವೆ, ನನ್ನ ಬಳಿ ಭೂಮಿ, ಮನೆ, ಕುದುರೆ, ಚಿನ್ನ ಎಲ್ಲ ಇದ್ದವು, ಈಗ ನಾನು ಬಡವ, ಮಣ್ಣಿನಾಳದಲ್ಲಿ ಬಿದ್ದಿದ್ದೇನೆ.

ಅವನ ಹೆಂಡತಿ ಕೆಂಟ್‌ನ ಜೋನ್ ಬಗ್ಗೆ ಯಾರೂ ಬರೆಯಲಿಲ್ಲವಲ್ಲ? ನಮ್ಮ ಜಿಲ್ಲೆಯ ಹೆಸರು ಹೊತ್ತವಳು ಎಂಬ ಅಭಿಮಾನ ನನಗೆ.

ಇತಿಹಾಸದ ಮೇಷ್ಟರು:

ಬರೆಯಲೇಬೇಕು ಮೇಡಂ. ಜೋನ್ ಮೊದಲನೆಯ ಎಡ್ವರ್ಡ್‌ನ ಮೊಮ್ಮಗಳು, ಅಂದರೆ ರಾಜಕುಮಾರನ ತಂದೆಗೆ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಸಾಲಿನವಳು. ಚಿಕ್ಕ ವಯಸ್ಸಿನಲ್ಲೇ ಥಾಮಸ್ ಹಾಲೆಂಡ್‌ನನ್ನು ಗುಟ್ಟಾಗಿ ಮದುವೆಯಾಗಿದ್ದಳು. ಮನೆಯವರು ಸಾಲ್ಸ್‌ಬರಿ ಅರ್ಲ್‌ನ ಮನೆತನಕ್ಕೆ ಮತ್ತೊಮ್ಮೆ ಮದುವೆ ಮಾಡಿದರು. ಪೋಪ್‌ನ ತೀರ್ಪು ಬಂದು ಹಾಲೆಂಡ್‌ಗೆ ಮರಳಿದಳು. ಹಾಲೆಂಡ್ ತೀರಿಕೊಂಡ ಮೇಲೆ 1361ರ ಅಕ್ಟೋಬರ್ 10ರಂದು ರಾಜಕುಮಾರ ಅವಳ ಕೈ ಹಿಡಿದ. ಸಂಸ್ಥಾನಗಳ ಲಾಭನಷ್ಟ ನೋಡದೆ, ಮಕ್ಕಳಿದ್ದ ವಿಧವೆಯನ್ನು ಯುವರಾಜನೊಬ್ಬ ಪ್ರೀತಿಸಿ ಮದುವೆಯಾದದ್ದು ಅಂದಿಗೆ ಅಪರೂಪ. ಹಿರಿಯ ಮಗ ಎಡ್ವರ್ಡ್ ಲಿಮೋಜ್ ಮುತ್ತಿಗೆಯ ಆಸುಪಾಸಿನಲ್ಲಿ, ಐದು ವರ್ಷದವನಿದ್ದಾಗ ಸತ್ತ. 1367ರಲ್ಲಿ ಬೋರ್ಡೋದಲ್ಲಿ ಹುಟ್ಟಿದ ರಿಚರ್ಡ್ ಮುಂದೆ ಹತ್ತನೆಯ ವಯಸ್ಸಿನಲ್ಲಿ ದೊರೆಯಾದ.

ದ್ರಾಕ್ಷಿತೋಟ:

ಇಷ್ಟು ದಿನ ಓದುತ್ತ ಸುಮ್ಮನಿದ್ದೆ. ಕೆಲಸದ ನಿಮಿತ್ತ ತುಲೂಸಿನಲ್ಲಿ ಎರಡು ವರ್ಷ ಇದ್ದವನು ನಾನು. ಕಾರ್ಕಸೊನ್‌ಗೆ ಹೋದವರೆಲ್ಲ ಬೆಟ್ಟದ ಮೇಲಿನ ಕೋಟೆ ನೋಡಿ, ಚಿತ್ರ ತೆಗೆದುಕೊಂಡು ರೈಲು ಹತ್ತುತ್ತಾರೆ. ಆ ಕೋಟೆಯನ್ನು ರಾಜಕುಮಾರ ಮುಟ್ಟಲೇ ಇಲ್ಲ, ಅದು ಅವನಿಗೆ ಮಣಿಯುವಂಥದ್ದಾಗಿರಲಿಲ್ಲ. ಅವನು ಸುಟ್ಟದ್ದು ಓಡ್ ನದಿಯ ಈಚೆ ದಡದ ಕೆಳ ಪಟ್ಟಣವನ್ನು. ರೈಲು ನಿಲ್ದಾಣದಿಂದ ಕೋಟೆಗೆ ನಡೆಯುವಾಗ ಎಲ್ಲರೂ ಅದನ್ನು ಹಾದೇ ಹೋಗುತ್ತಾರೆ.

ಬೆಂಕಿಯ ನಂತರ ಅದನ್ನು ಮತ್ತೆ ಕಟ್ಟಿದರು, ಮೊದಲಿಗಿಂತ ಚಿಕ್ಕದಾಗಿ, ಸುತ್ತ ಗೋಡೆ ಹಾಕಿ. ನೆಟ್ಟಗಿನ ಬೀದಿಗಳು ಚದುರಂಗದ ಮನೆಗಳಂತೆ ಒಂದನ್ನೊಂದು ಕತ್ತರಿಸುತ್ತವೆ. ನಾನು ಅಲ್ಲಿ ವಾರದ ಸಂತೆಗೆ ಹೋಗುತ್ತಿದ್ದೆ. ನಡುವಿನ ಚೌಕದಲ್ಲಿ ತರಕಾರಿ, ಚೀಸ್, ಹೂವು. ಈ ಚರ್ಚೆ ಓದುವವರೆಗೂ ಆ ಬೀದಿಗಳು ಅಷ್ಟು ನೆಟ್ಟಗೆ ಉಳಿದಿರುವ ಊರು ಒಮ್ಮೆ ಬೂದಿಯಾಗಿತ್ತು ಎಂದು ನನಗೆ ತಿಳಿದಿರಲಿಲ್ಲ. ಬರುವ ವರ್ಷ ಮತ್ತೆ ಹೋಗುವುದಿದೆ. ಹಳೆಯ ನಕಾಶೆಯವರೇ, ಬೋರ್ಡೋದಿಂದ ನಾರ್ಬಾನ್‌ವರೆಗೆ ಅವನು ಹಾದ ಊರುಗಳ ಪಟ್ಟಿ ನಿಮ್ಮಲ್ಲಿದ್ದರೆ ಕಳಿಸಿ. ಕಾರಿನಲ್ಲಿ ಅದೇ ದಾರಿಯಲ್ಲಿ ಹೋಗಿ, ಪ್ರತಿ ಊರಿನಲ್ಲೂ ಇಳಿದು ನೋಡಿ ಬರೆಯುತ್ತೇನೆ.

ಹಳೆಯ ನಕಾಶೆ:

ಖಂಡಿತ ಕಳಿಸುತ್ತೇನೆ. ಅದೇ ದಾರಿಯಲ್ಲಿ, ತುಲೂಸ್ ಮತ್ತು ಕಾರ್ಕಸೊನ್ ನಡುವೆ ಸಿಗುವ ಕಾಸ್ತೆಲ್‌ನೋದರಿಯಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ.